ಬ್ಯಾಂಕಾಕಿಗೆ ಹೋಗುವವರು ಅಲ್ಲಿಯ ಅನ್ನವನ್ನೂ ಉಂಡು ಬರಲಿ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡಿಗರ ಮನೆಗಳಲ್ಲಿ ಮೇ ತಿಂಗಳೆಂದರೆ ಊರು ಎಂಬ ಒಂದೇ ಅರ್ಥವಿದ್ದ ಕಾಲವೊಂದಿತ್ತು. ಕರಾವಳಿಯವರು ಉಡುಪಿ, ಮಂಗಳೂರುಗಳ ಬಸ್ಸು ಹತ್ತುತ್ತಿದ್ದರು. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದ ಮೇಲೆ ರೈಲು ಹತ್ತತೊಡಗಿದರು. ಧಾರವಾಡ, ವಿಜಾಪುರಗಳ ಕಡೆಯವರದು ಘಟ್ಟದ ಮೇಲಿನ ಬೇರೆ ದಾರಿ. ಈಗಲೂ ಊರಿಗೆ ಹೋಗುತ್ತಾರೆ, ಹೋಗಬೇಕು. ಆದರೆ ವರ್ಷದಲ್ಲಿ ಇನ್ನೊಂದು ಸಣ್ಣ ಪ್ರವಾಸಕ್ಕೂ ನಮ್ಮ ಸಂಸಾರಗಳಲ್ಲಿ ಎಡೆಯಾಗಿದೆ. ಆ ಎಡೆಯಲ್ಲಿ ಬ್ಯಾಂಕಾಕ್ ಬಂದು ಕುಳಿತಿದೆ. 2023ರ ನವೆಂಬರಿನಲ್ಲಿ ಥಾಯ್ಲೆಂಡ್ ಸರಕಾರವು ಭಾರತೀಯ ಪ್ರವಾಸಿಗರಿಗೆ ವೀಸಾ ವಿನಾಯಿತಿ ನೀಡಿದ ಮೇಲಂತೂ ಗೋವೆಗೆ ಹೋಗುವಷ್ಟೇ ಹಗುರವಾಗಿ ಜನ ಅಲ್ಲಿಗೆ ಹೊರಡುತ್ತಿದ್ದಾರೆ.

ಹೊರಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಹೊರಡುವ ಕ್ರಮಕ್ಕೆ ಇದೆ.

ನಾಲ್ಕು ರಾತ್ರಿ ಐದು ಹಗಲಿನ ಪ್ಯಾಕೇಜ್ ಪ್ರವಾಸವೆಂಬುದರ ರಚನೆಯನ್ನು ಓದುಗರು ಬಲ್ಲರು. ಎರಡು ರಾತ್ರಿ ಪಟ್ಟಾಯದ ಕಡಲತೀರ, ಎರಡು ರಾತ್ರಿ ಬ್ಯಾಂಕಾಕಿನ ಮಾಲುಗಳು, ನಡುವೆ ಒಂದು ರತ್ನದಂಗಡಿ, ಒಂದು ಪ್ರಾಣಿಸಂಗ್ರಹಾಲಯ. ದೇವಾಲಯಗಳನ್ನು ಬಸ್ಸಿನ ಕಿಟಕಿಯಿಂದ ಅಥವಾ ಅರ್ಧ ಗಂಟೆ ಕೆಳಗಿಳಿದು ನೋಡುವುದು. ಮಧ್ಯಾಹ್ನ ಮತ್ತು ರಾತ್ರಿ ಪನೀರು, ದಾಲು, ಜೀರಾ ರೈಸಿನ ಊಟ. ಇಂಥದೊಂದು ತಂಡದಲ್ಲಿ ನಾನು ಹೋಗಿದ್ದೆ. ಐದು ದಿನಗಳಲ್ಲಿ ಆ ದೇಶದ ಒಂದು ತುತ್ತು ಅನ್ನವನ್ನಾಗಲಿ ಒಂದು ಮಾತನ್ನಾಗಲಿ ಬಾಯಲ್ಲಿಟ್ಟುಕೊಳ್ಳದೆ ನಲವತ್ತು ಮಂದಿ ಸುಖವಾಗಿ ಹಿಂದಿರುಗಿದರು. ತಂಡದಲ್ಲಿ ಹೆಚ್ಚಿನವರು ಹೋಟೆಲು ಉದ್ಯಮದ ಮನೆತನಗಳವರು ಎಂಬುದು ನನ್ನನ್ನು ಇಂದಿಗೂ ಯೋಚನೆಗೆ ಹಚ್ಚುತ್ತದೆ.

ಏಕೆಂದರೆ ಪರರಿಗೆ ನಮ್ಮ ಊಟವನ್ನು ಉಣ್ಣಿಸಿಯೇ ಈ ಮಹಾನಗರದಲ್ಲಿ ನಾವು ಕಾಲೂರಿದವರು. 1942ರಲ್ಲಿ ಮಾಟುಂಗದಲ್ಲಿ ಎ. ರಾಮನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದಾಗ ಇಡ್ಲಿ ಸಾಂಬಾರು ಈ ಊರಿಗೆ ಪರಕೀಯವೇ ಆಗಿತ್ತು. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗರು ಮುಂದೆ ಮಾಲಕರಾದರು. ಗುಜರಾತಿಯವನು, ಮರಾಠಿಯವನು, ಪಾರ್ಸಿಯವನು ನಮ್ಮ ಉದ್ದಿನ ಹಿಟ್ಟಿನ ಹುಳಿಗೆ ಸಂಶಯಪಡದೆ ನಾಲಿಗೆಯೊಡ್ಡಿದ್ದರಿಂದಲೇ ಅವರು ಮಾಲಕರಾದರು. ಅದೇ ನಗರದಲ್ಲಿ 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ ದಕ್ಷಿಣದವರೆಲ್ಲರೂ ಒಂದೇ ಹೆಸರಿನ 'ಮದ್ರಾಸಿ'ಗಳಾಗಿ, ಉಡುಪಿ ಹೋಟೆಲುಗಳ ಗಾಜುಗಳು ಒಡೆದದ್ದೂ ಉಂಟು. ತನ್ನ ತಟ್ಟೆಯ ಆಚೆಗೆ ನೋಡದ ಮನಸ್ಸು ಎಷ್ಟು ಕುರುಡಾಗಬಲ್ಲದೆಂಬುದು ನಮಗೆ ಪುಸ್ತಕದಿಂದ ತಿಳಿಯಬೇಕಾದುದಲ್ಲ. ಹೀಗಿದ್ದೂ ನಮ್ಮವರು ಇನ್ನೊಬ್ಬರ ದೇಶಕ್ಕೆ ಹೋಗಿ, ಅವರ ಬೀದಿಯ ವಾಸನೆಗೆ ಮೂಗು ಮುಚ್ಚಿಕೊಂಡು, 'ಇವರು ಹಾವು ಹಲ್ಲಿ ತಿನ್ನುವವರು' ಎಂದು ಬಸ್ಸಿನೊಳಗೆ ನಗುವುದನ್ನು ಕೇಳಿದಾಗ ನನಗೆ ಮುಜುಗರವಾಯಿತು.

ಆ ಪ್ರವಾಸದ ಎರಡು ವರ್ಷಗಳ ಅನಂತರ ನಾನೂ ನನ್ನ ಪತ್ನಿಯೂ ಏಜೆಂಟರ ಹಂಗಿಲ್ಲದೆ ನಾಲ್ಕು ದಿನಗಳ ಮಟ್ಟಿಗೆ ಬ್ಯಾಂಕಾಕ್ ನಗರವೊಂದಕ್ಕೇ ಹೋಗಿ ಬಂದೆವು. ಪಟ್ಟಾಯಕ್ಕೆ ಹೋಗಲಿಲ್ಲ. ಊಟ ಮತ್ತು ಸಂಸ್ಕೃತಿ ಇವೆರಡನ್ನೇ ಗುರಿಯಾಗಿಟ್ಟುಕೊಂಡು ಹೊರಟರೆ ಖರ್ಚು ಕಡಿಮೆ, ಫಲ ಹೆಚ್ಚು ಎಂಬ ನನ್ನ ಅಭಿಪ್ರಾಯಕ್ಕೆ ಆ ನಾಲ್ಕು ದಿನಗಳು ಆಧಾರ.

ವಿಮಾನ ಇಳಿಯುವ ನಿಲ್ದಾಣದ ಹೆಸರೇ ಸುವರ್ಣಭೂಮಿ. ಅವರು ಅದನ್ನು 'ಸುವಣ್ಣಫೂಮ್' ಎನ್ನುತ್ತಾರೆ. ಭರುಕಚ್ಛದಿಂದ ಸುವರ್ಣಭೂಮಿಗೆ ಹಡಗೇರುವ ವರ್ತಕರು ಜಾತಕ ಕತೆಗಳಲ್ಲಿ ಬರುತ್ತಾರೆ. ನಮ್ಮ ಕಲ್ಯಾಣವಾದರೂ ಕ್ರಿಸ್ತಶಕ ಮೊದಲ ಶತಮಾನದ ಗ್ರೀಕ್ ನಾವಿಕಗ್ರಂಥ 'ಪೆರಿಪ್ಲಸ್'ನಲ್ಲಿ 'ಕಲ್ಲಿಯೇನ' ಎಂಬ ಹೆಸರಿನಿಂದ ಉಲ್ಲೇಖಗೊಂಡ ರೇವುಪಟ್ಟಣ. ಇಂದು ಕಲ್ಯಾಣ ಜಂಕ್ಷನ್ನಿನ ನೂಕುನುಗ್ಗಲಿನಲ್ಲಿ ನಿಂತವನಿಗೆ ಇದು ನಂಬಲಾಗದ ಮಾತಾದರೂ ಸತ್ಯ. 2006ರಲ್ಲಿ ತೆರೆದ ಆ ವಿಮಾನ ನಿಲ್ದಾಣದ ನಿರ್ಗಮನ ವಿಭಾಗದಲ್ಲಿ ಸಮುದ್ರಮಥನದ ಬೃಹತ್ ಶಿಲ್ಪವಿದೆ. ನಮ್ಮ ತಂಡದವರು ಅದರ ಮುಂದೆ ಭಾವಚಿತ್ರ ತೆಗೆಸಿಕೊಂಡರು. ಅದು ಇಲ್ಲೇಕೆ ಇದೆಯೆಂದು ಯಾರೂ ಕೇಳಲಿಲ್ಲ.

ಥಾಯ್ ಭಾಷೆಯ ಮೂಲವು ಬೇರೆ, ನಮ್ಮದು ಬೇರೆ. ಆದರೆ ಕನ್ನಡದಂತೆಯೇ ಅದೂ ಸಂಸ್ಕೃತ, ಪಾಲಿಗಳಿಂದ ಧಾರಾಳವಾಗಿ ಪಡೆದು ತನ್ನ ಬಾಯಿಗೆ ಒಗ್ಗಿಸಿಕೊಂಡ ಭಾಷೆ. ಭಾಷೆಗೆ ಅವರು 'ಫಾಸಾ' ಎನ್ನುತ್ತಾರೆ, ಆಹಾರಕ್ಕೆ 'ಆಹಾನ್'. ರುಚಿಗೆ 'ರೊತ್' ಎಂದರೆ ನಮಗೆ ಗುರುತು ಹತ್ತದು. ಆದರೆ ಅವರು ಬರೆಯುವುದು 'ರಸ' ಎಂದೇ. ವಿಶ್ವವಿದ್ಯಾಲಯಕ್ಕೆ 'ಮಹಾವಿತ್ತಯಾಲೈ'. ನಮಸ್ಕಾರದ 'ಸವತ್ದಿ'ಯು ಸ್ವಸ್ತಿಯಿಂದ ಬಂದುದು. ರಾಜಧಾನಿಯ ಹೆಸರು ಅವರಿಗೆ ಬ್ಯಾಂಕಾಕ್ ಅಲ್ಲವೇ ಅಲ್ಲ, 'ಕ್ರುಂಗ್ ಥೇಪ್'. ಅದರ ಪೂರ್ಣ ನಾಮಧೇಯವು ಅಮರ, ರತ್ನ, ಮಹೇಂದ್ರ, ಅಯೋಧ್ಯಾ ಎಂದು ದಂಡಕದಂತೆ ಸಾಗಿ ವಿಶ್ವಕರ್ಮನಲ್ಲಿ ಮುಗಿಯುತ್ತದೆ. ನಗರದ ನಡುವೆ 1784ರಲ್ಲಿ ಕಟ್ಟಿದ ಬ್ರಾಹ್ಮಣ ದೇಗುಲವಿದೆ. ಅದರ ಹೆಸರು ನಾವು ದಿನಬಳಕೆಯಲ್ಲಿ ಆಡುವ ಶಬ್ದವೇ: 'ದೇವಸ್ಥಾನ'. ಅರಮನೆಯ ವಿಧಿಗಳನ್ನು ನಡೆಸುವ ರಾಜಪುರೋಹಿತರ ನೆಲೆ ಅದು. ಎದುರಿಗೆ ಕೆಂಪು ಮರದ ಮಹಾ ಉಯ್ಯಾಲೆಯ ಕಂಬಗಳಿವೆ. ಮಾರ್ಗಳಿ ತಿಂಗಳ ತಮಿಳು ಭಕ್ತಿಗೀತೆಗಳ ನೆನಪನ್ನು ಹೆಸರಿನಲ್ಲೇ ಉಳಿಸಿಕೊಂಡ ಉತ್ಸವವೊಂದರಲ್ಲಿ ಅದನ್ನು ತೂಗುತ್ತಿದ್ದರು. 1935ರಿಂದ ತೂಗುವುದು ನಿಂತಿತು, ಪೂಜೆ ನಿಲ್ಲಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ 'ಎಲ್ಲವೂ ನಮ್ಮಿಂದಲೇ ಹೋದದ್ದು' ಎಂದು ಎದೆಯುಬ್ಬಿಸುವುದು ನನಗೆ ಸಮ್ಮತವಲ್ಲ. ಹಾಗೆ ಎದೆಯುಬ್ಬಿಸಿ ಹೋದವನು ಅಲ್ಲಿ ಏನನ್ನೂ ಕಾಣಲಾರ. ಇದಕ್ಕೆ ರಾಮಾಯಣವೇ ಸಾಕ್ಷಿ. 1782ರಲ್ಲಿ ರಾಜಧಾನಿಯನ್ನು ಸ್ಥಾಪಿಸಿದ ಒಂದನೆಯ ರಾಮನ ಕಾಲದಲ್ಲಿ ರೂಪುಗೊಂಡ 'ರಾಮಕಿಯನ್' ಕಾವ್ಯದಲ್ಲಿ ರಾವಣನು 'ತೊತ್ಸಕನ್', ಅಂದರೆ ದಶಕಂಠ. ಹನುಮಂತನು ಬ್ರಹ್ಮಚಾರಿಯಲ್ಲ. ಸೇತುವೆಯ ಕಲ್ಲುಗಳನ್ನು ಕದ್ದೊಯ್ಯಲು ಬಂದ ರಾವಣಪುತ್ರಿ, ಮತ್ಸ್ಯಕನ್ಯೆ ಸುವಣ್ಣಮಚ್ಛಾಳನ್ನು ಅವನು ಪ್ರೀತಿಸುತ್ತಾನೆ. ಅವರಿಗೊಬ್ಬ ಮಗನೂ ಹುಟ್ಟುತ್ತಾನೆ. ಎಮರಾಲ್ಡ್ ಬುದ್ಧನ ದೇವಾಲಯದ ಪಡಸಾಲೆಯ 178 ಭಿತ್ತಿಚಿತ್ರಗಳಲ್ಲಿ ಈ ಕತೆ ಸುತ್ತುವರಿದಿದೆ. ನಮ್ಮ ಜತೆಗಿದ್ದ ಹಿರಿಯರೊಬ್ಬರು ಇದನ್ನು ಕೇಳಿ 'ಶಾಂತಂ ಪಾಪಂ' ಎಂದು ಕಿವಿ ಮುಚ್ಚಿಕೊಂಡರು. ಆದರೆ ಮತ್ಸ್ಯಹನುಮನ ಜನನವನ್ನು, ಅಹಿರಾವಣ ಮಹಿರಾವಣರನ್ನು ರಾತ್ರಿಯಿಡೀ ನಿದ್ದೆಗೆಟ್ಟು ಬಯಲಾಟದಲ್ಲಿ ನೋಡಿದ ಜನ ನಾವು. ನಮಗೆ ಕಿವಿ ಮುಚ್ಚಿಕೊಳ್ಳುವ ಅಗತ್ಯವಿಲ್ಲ.

ಯಕ್ಷಗಾನವನ್ನು ಮುಂಬಯಿಯ ಸಭಾಗೃಹಗಳಲ್ಲಿ ಜೀವಂತವಾಗಿಟ್ಟ ನಮ್ಮ ಸಮಾಜವು ಬ್ಯಾಂಕಾಕಿನಲ್ಲಿ ತಪ್ಪದೆ ನೋಡಬೇಕಾದುದು 'ಖೋನ್' ನಾಟ್ಯ. 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಲೆ ಅದು. ಮುಖವಾಡ ಧರಿಸಿದ ಪಾತ್ರಧಾರಿಗಳು ಮಾತಾಡುವುದಿಲ್ಲ. ಬದಿಯಲ್ಲಿ ಕುಳಿತವರು ಹಾಡಿ ಮಾತು ಹೇಳುತ್ತಾರೆ. ಭಾಗವತರಿದ್ದಾರೆ, ಆದರೆ ಅರ್ಥಗಾರಿಕೆ ಇಲ್ಲ. ನಮ್ಮ ಚಂಡೆಯ ಜಾಗದಲ್ಲಿ ಮರದ ಪಟ್ಟಿಗಳ 'ರನಾತ್' ನುಡಿಯುತ್ತದೆ. ಪುರುಷವೇಷ, ಸ್ತ್ರೀವೇಷ, ಬಣ್ಣದ ವೇಷ ಎಂಬ ನಮ್ಮ ವಿಂಗಡಣೆಗೆ ಸಮನಾಗಿ ಅವರಲ್ಲಿ ಪುರುಷ, ಸ್ತ್ರೀ, ರಾಕ್ಷಸ, ಕಪಿ ಎಂಬ ನಾಲ್ಕು ಪಂಗಡಗಳಿವೆ. ಹುಡುಗರಿಗೆ ಚಿಕ್ಕಂದಿನಲ್ಲೇ ಪಂಗಡ ಗೊತ್ತುಮಾಡಿ ತರಬೇತಿ ಕೊಡುತ್ತಾರೆ. 2025ರ ಅಕ್ಟೋಬರಿನಲ್ಲಿ ತೀರಿಕೊಂಡ ರಾಜಮಾತೆ ಸಿರಿಕಿತ್ ಅವರ ಪೋಷಣೆಯಿಂದ ಈ ಕಲೆಗೆ ಹೊಸ ಜೀವ ಬಂದಿತೆಂಬುದು ಎಲ್ಲರೂ ಒಪ್ಪಿದ ಮಾತು. ಅರಮನೆಯ ಪ್ರವೇಶ ಚೀಟಿಗೆ ವಿದೇಶಿಯರು 500 ಬಾತ್ ಕೊಡಬೇಕು. ಅದೇ ಚೀಟಿಯಲ್ಲಿ 1933ರ ಸಾಲಾ ಚಲೆರ್ಮ್‌ಕ್ರುಂಗ್ ರಂಗಮಂದಿರದ ಕಿರು ಖೋನ್ ಪ್ರದರ್ಶನವೂ ಸೇರಿರುತ್ತದೆ. ಇದನ್ನು ಪ್ಯಾಕೇಜಿನವರು ಹೇಳುವುದಿಲ್ಲ. ಪ್ರದರ್ಶನವು ವಾರದ ದಿನಗಳಲ್ಲಿರುವುದರಿಂದ ಅರಮನೆಯನ್ನು ಶನಿವಾರ, ಭಾನುವಾರಕ್ಕೆ ಇಟ್ಟುಕೊಳ್ಳಬಾರದು.

ಇನ್ನು ಊಟದ ವಿಚಾರ. ನಮ್ಮ ಹೆಂಗಸರು ಅಂಜುವುದು ಇಲ್ಲೇ, ನನಗೆ ಹೆಚ್ಚು ಹೇಳಬೇಕಾಗಿರುವುದೂ ಇಲ್ಲೇ.

ಕರಾವಳಿಯ ಹೆಣ್ಣುಮಗಳೊಬ್ಬಳು ಬ್ಯಾಂಕಾಕಿನ ಬೆಳಗಿನ ಪೇಟೆಯಲ್ಲಿ ನಡೆದರೆ ಅರ್ಧ ಗಂಟೆಯೊಳಗೆ ಅವಳಿಗೆ ತನ್ನ ಅಡುಗೆಮನೆಯ ನೆಂಟರು ಎದುರಾಗುತ್ತಾರೆ. ಗುಳಿಗುಳಿಯ ಕಬ್ಬಿಣದ ಕಾವಲಿಯಲ್ಲಿ ಅಕ್ಕಿಹಿಟ್ಟು ಮತ್ತು ಕಾಯಿಹಾಲು ಹೊಯ್ದು ಬೇಯಿಸುವ 'ಖನೊಮ್ ಕ್ರೊಕ್' ನಮ್ಮ ಗುಳಿಯಪ್ಪದ ಒಡಹುಟ್ಟು. ನನ್ನ ಪತ್ನಿ ಮೊದಲ ದಿನ ಆ ಕಾವಲಿಯನ್ನು ಕಂಡು ಮಾರುವಾಕೆಯ ಕೈಯಿಂದ ಚಮಚ ತೆಗೆದುಕೊಂಡು ತಾನೇ ಎರಡು ಗುಳಿ ಎಬ್ಬಿಸಿಕೊಟ್ಟಳು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು, ನಗುವುದಕ್ಕೆ ಅದು ಅಡ್ಡಿಯಾಗಲಿಲ್ಲ. ಹುಳಿಬರಿಸಿದ ಅಕ್ಕಿಯ ಹಿಟ್ಟನ್ನು ಒತ್ತಿ ತೆಗೆದು ಮೇಲೋಗರದೊಂದಿಗೆ ಬಡಿಸುವ 'ಖನೊಮ್ ಚಿನ್' ನಮ್ಮ ಒತ್ತುಶಾವಿಗೆಯನ್ನು ನೆನಪಿಸುತ್ತದೆ. ಬಾಳೆಹಣ್ಣನ್ನು ಅಂಟಕ್ಕಿಯಲ್ಲಿ ಹುದುಗಿಸಿ ಬಾಳೆಯೆಲೆಯಲ್ಲಿ ಕಟ್ಟಿ ಬೇಯಿಸುವ 'ಖಾವ್ ತೊಮ್ ಮತ್' ಇದೆ. ಅರಸಿನ ಎಲೆಯ ಕಡುಬು ಕಟ್ಟಿದ ಕೈಗೆ ಅದರ ಮಡಿಕೆ ನೋಡಿದಾಕ್ಷಣ ಅರ್ಥವಾಗುತ್ತದೆ. ಮಾವಿನ ಹಣ್ಣು, ಅಂಟಕ್ಕಿಯ ಅನ್ನ, ಮೇಲೆ ಉಪ್ಪು ಬೆರೆತ ಕಾಯಿಹಾಲು: ಈ ಕೂಟವನ್ನು ಸಿಹಿಯೆನ್ನಬೇಕೋ ಊಟವೆನ್ನಬೇಕೋ ಎಂಬ ತರ್ಕ ತಟ್ಟೆ ಬರಿದಾದ ಮೇಲೆ ಉಳಿಯುವುದಿಲ್ಲ.

ಹುಳಿ, ಸಿಹಿ, ಉಪ್ಪು, ಖಾರ ನಾಲ್ಕನ್ನೂ ಒಂದೇ ತುತ್ತಿನಲ್ಲಿ ಎಚ್ಚರಿಸುವುದು ಅವರ ಅಡುಗೆಯ ಗುಟ್ಟು. ನಾವು ಹುರಿದು, ಅರೆದು, ಕುದಿಸಿ ಮಸಾಲೆಯ ಆಳಕ್ಕೆ ಇಳಿಯುತ್ತೇವೆ. ಅವರು ಹಸಿಯ ಪರಿಮಳವನ್ನು ಹಸಿಯಾಗಿಯೇ ಉಳಿಸುತ್ತಾರೆ. ಹಸಿ ಪಪ್ಪಾಯಿಯನ್ನು ಒರಳಿನಲ್ಲಿ ಜಜ್ಜುವ 'ಸೋಮ್ ತಮ್' ಇದಕ್ಕೆ ಒಳ್ಳೆಯ ನಿದರ್ಶನ. 2024ರ ಡಿಸೆಂಬರಿನಲ್ಲಿ ಯುನೆಸ್ಕೋ ಮನ್ನಣೆ ಪಡೆದ 'ತೊಮ್ ಯಮ್ ಕುಂಗ್' ಎಂಬ ಸೀಗಡಿಯ ಸಾರಿನ ಜೀವಾಳ ಮಜ್ಜಿಗೆಹುಲ್ಲು. ಡೊಂಬಿವಲಿಯ ಕಾಯಿಪಲ್ಲೆ ಮಾರುವ ಹೆಂಗಸರು ಪುದೀನದ ಪಕ್ಕದಲ್ಲಿಟ್ಟುಕೊಂಡು ಮಾರುವ ಗವತಿ ಚಹದ ಕಟ್ಟು ಅದೇ. ಮರಾಠಿ ನೆರೆಯವರಿಂದ ಕಲಿತು ಅದನ್ನು ಚಹಕ್ಕೆ ಹಾಕುವ ನಾವು ಸಾರಿಗೆ ಹಾಕಿದರೆ ಕೆಟ್ಟೇವೇ? ಅವರ ಮೆಣಸಿನಕಾಯಿಯಾಗಲಿ ನಮ್ಮ ಬ್ಯಾಡಗಿಯಾಗಲಿ ಸ್ವಂತದ್ದಲ್ಲ. ಎರಡೂ ಅಮೆರಿಕ ಖಂಡದ ಸಂತಾನ, ಪೋರ್ಚುಗೀಸರ ಕಾಲದಲ್ಲಿ ಪೂರ್ವಕ್ಕೆ ಬಂದವು. ಅಡುಗೆಯಲ್ಲಿ ಶುದ್ಧ ಸ್ವದೇಶಿಯನ್ನು ಹುಡುಕುವವನು ಉಪವಾಸವಿರಬೇಕಾದೀತು.

ಸಸ್ಯಾಹಾರಿಗಳ ಸಂಕಟವನ್ನು ನಾನು ತಳ್ಳಿಹಾಕುತ್ತಿಲ್ಲ. ಮೀನಿನ ರಸ 'ನಾಮ್ ಪ್ಲಾ' ಅಲ್ಲಿ ನಮ್ಮ ಉಪ್ಪಿನಂತೆ ಎಲ್ಲದರಲ್ಲೂ ಬೀಳುತ್ತದೆ, ಸೊಪ್ಪಿನ ಪಲ್ಯದಲ್ಲೂ ಬೀಳುತ್ತದೆ. ಆದುದರಿಂದ ಎರಡು ಶಬ್ದಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಬೇಕು. ಒಂದು 'ಮಂಗ್ಸವಿರತ್', ಅಂದರೆ ಮಾಂಸವಿರತಿ. ಇನ್ನೊಂದು 'ಜೇ'. ಚೀನೀ ಮೂಲದ ಬೌದ್ಧರ ಈ 'ಜೇ' ಆಹಾರದಲ್ಲಿ ಮೀನು, ಮಾಂಸ, ಮೊಟ್ಟೆ, ಹಾಲು ಮಾತ್ರವಲ್ಲ, ನೀರುಳ್ಳಿ ಬೆಳ್ಳುಳ್ಳಿಗಳೂ ವರ್ಜ್ಯ. ಉಡುಪಿಯ ಮಠದ ಪಂಕ್ತಿಯಲ್ಲಿ ಉಂಡವರಿಗೆ ಇದು ಹೊಸ ನಿಯಮವಲ್ಲ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಕಂಡ ಅಂಗಡಿಗೆ ಧೈರ್ಯವಾಗಿ ಹೋಗಬಹುದು. ಸೆಪ್ಟೆಂಬರ್ ಅಕ್ಟೋಬರುಗಳ ನಡುವೆ ಬರುವ ಒಂಬತ್ತು ದಿನಗಳ ಜೇ ಉತ್ಸವದಲ್ಲಂತೂ ಯಾವರಾತ್ ಎಂಬ ಚೀನೀ ಪೇಟೆಯ ಇಡೀ ಬೀದಿ ಹಳದಿಯಾಗುತ್ತದೆ. ನಮ್ಮ ನವರಾತ್ರಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬೀಳುತ್ತದೆ. ಸಸ್ಯಾಹಾರಿ ಸಂಸಾರಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲ. ಮಳೆ ಇನ್ನೂ ಬಿಟ್ಟಿರುವುದಿಲ್ಲ, ಕೊಡೆ ಇರಲಿ.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ವಿಮಾನದ ದರ ದಿನಕ್ಕೊಂದು ಬಗೆ, ಅದನ್ನು ಅವರವರು ನೋಡಿಕೊಳ್ಳಬೇಕು. ಇಳಿದ ಮೇಲೆ ಇಬ್ಬರ ಕೋಣೆ ದಿನಕ್ಕೆ 1,000 ಬಾತ್‌ನ ಒಳಗೆ ಸಿಗುತ್ತದೆ. ತಲೆಗೆ 500ರಂತೆ ನಾಲ್ಕು ರಾತ್ರಿಗೆ 2,000. ಬೀದಿಯ ಊಟಕ್ಕೆ ಒಂದು ತಟ್ಟೆಗೆ 50ರಿಂದ 80 ಬಾತ್. ಹಣ್ಣು, ತಿಂಡಿ, ಚಹ ಸೇರಿಸಿ ದಿನಕ್ಕೆ 400 ಹಿಡಿದರೆ 1,600. ಅರಮನೆಗೆ 500, ಪವಡಿಸಿದ ಬುದ್ಧನ ವಾಟ್ ಫೋಗೆ 300, ನದಿಯಾಚೆಯ ವಾಟ್ ಅರುಣ್‌ಗೆ 200, ಹೀಗೆ 1,000. ಓಡಾಟಕ್ಕೆ 600 ಧಾರಾಳ. ಒಟ್ಟು 5,200 ಬಾತ್. ಬಾತಿಗೆ ಮೂರು ರೂಪಾಯಿ ಎಂದೇ ಹಿಡಿದರೂ 15,600 ರೂಪಾಯಿ. ಲೋಕಲ್ ಗಾಡಿಯಲ್ಲಿ ಬದುಕು ಸವೆಸಿದ ನಮಗೆ ಟ್ಯಾಕ್ಸಿ ಬೇಕೆನಿಸಬಾರದು. ವಿಮಾನ ನಿಲ್ದಾಣದಿಂದ ಊರೊಳಕ್ಕೆ ರೈಲು 45 ಬಾತ್. ಚಾವ್ ಫ್ರಯಾ ನದಿಯ ಕಿತ್ತಳೆ ಬಾವುಟದ ದೋಣಿ ನಗರದ ಲೋಕಲ್ ಇದ್ದಂತೆ. ನಿಂತು ಹೋಗುವವರೂ ಇರುತ್ತಾರೆ, ಕಂಬ ಹಿಡಿಯಲು ನಮಗೆ ಯಾರೂ ಕಲಿಸಬೇಕಿಲ್ಲ.

ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೇಟಿಗೆ ಹಣ ಕಟ್ಟುವ ಮುನ್ನ ನೋಡಬೇಕು. 2025ರ ಮೇ ತಿಂಗಳಿನಿಂದ ಪ್ರವೇಶದ ಅರ್ಜಿಯನ್ನು ಅಲ್ಲಿಗೆ ತಲುಪುವ ಮುಂಚಿನ ಮೂರು ದಿನಗಳೊಳಗೆ ಗಣಕಯಂತ್ರದ ಮೂಲಕವೇ ತುಂಬಬೇಕು, ಅದಕ್ಕೆ ಶುಲ್ಕವಿಲ್ಲ. 'ನಾವು ತುಂಬಿಸಿಕೊಡುತ್ತೇವೆ' ಎಂದು ಹಣ ಕೇಳುವವರನ್ನು ದೂರವಿಡಿ. ನವಿಮುಂಬಯಿಯ ಹೊಸ ವಿಮಾನ ನಿಲ್ದಾಣದಿಂದ 2025ರ ಡಿಸೆಂಬರ್ 25ರಂದು ಹಾರಾಟ ಆರಂಭವಾಗಿದೆ. ನೆರೂಳು, ಪನವೇಲುಗಳವರು ಅಲ್ಲಿಂದ ಅನುಕೂಲವಿದೆಯೇ ಎಂದು ವಿಚಾರಿಸಬಹುದು.

ಈ ಯೋಜನೆಯನ್ನು ನಾನು ಪ್ರಸ್ತಾಪಿಸಿದಾಗಲೆಲ್ಲ ಎರಡು ಆಕ್ಷೇಪಗಳು ಬಂದಿವೆ. ಮೊದಲನೆಯದನ್ನು ಜನ ಗಟ್ಟಿಯಾಗಿ ಹೇಳುವುದಿಲ್ಲ. ಬ್ಯಾಂಕಾಕಿಗೆ ಗಂಡಸರು ಏತಕ್ಕೆ ಹೋಗುತ್ತಾರೆಂಬ ಕೀಟಲೆಯ ನಗು ಅದು. ಆ ನಗುವಿಗೆ ಕಾರಣರಾದವರು ಹೋಗಿಬಂದ ನಮ್ಮವರೇ, ಆ ನಗರವಲ್ಲ. ಹೆಂಡತಿ ಮಕ್ಕಳೊಂದಿಗೆ ಹೋಗಿ, ಬೆಳಗ್ಗೆ ಭಿಕ್ಷಾಪಾತ್ರೆ ಹಿಡಿದು ಬರಿಗಾಲಲ್ಲಿ ನಡೆಯುವ ಭಿಕ್ಷುಗಳಿಗೆ ಗೃಹಿಣಿಯರು ಮಂಡಿಯೂರಿ ಅನ್ನ ನೀಡುವುದನ್ನು ಕಂಡವರು ಮತ್ತೆ ಹಾಗೆ ನಗಲಾರರು. ಎರಡನೆಯದು, 'ಹಂಪೆಯನ್ನೇ ನೋಡದವನಿಗೆ ಬ್ಯಾಂಕಾಕೇಕೆ?' ಎಂಬುದು. ಇದು ತೂಕವುಳ್ಳ ಮಾತು. ಹಂಪೆಯನ್ನು ಮೊದಲು ನೋಡಲಿ. ಆದರೆ ಹೀಗೆ ಕೇಳಿದ ಮಹನೀಯರು ಹಂಪೆಗೆ ಹೋದದ್ದನ್ನು ನಾನು ಕಂಡಿಲ್ಲ. ಅವರು ಹೋದದ್ದು ಪಟ್ಟಾಯಕ್ಕೆ.

ನಾನು ಇಷ್ಟು ಒತ್ತಿ ಹೇಳಲು ಬೇರೊಂದು ಕಾರಣವೂ ಇದೆ. ಥಾಯ್ ಸರಕಾರವು ತನ್ನ ಅಡುಗೆಯನ್ನು ರಾಜಕಾರಣದ ಸಾಧನವಾಗಿ ಬೆಳೆಸಿತು. 1939ರಲ್ಲಿ ಸಯಾಮ್ ದೇಶಕ್ಕೆ ಥಾಯ್ಲೆಂಡ್ ಎಂಬ ಹೆಸರಿಟ್ಟ ಫಿಬುನ್ ಸರಕಾರವೇ 'ಪಾಡ್ ಥಾಯ್' ಎಂಬ ಹುರಿದ ಶಾವಿಗೆಯನ್ನು ರಾಷ್ಟ್ರದ ತಿನಿಸೆಂದು ಪ್ರಚಾರ ಮಾಡಿತು. ಅದರ ಶಾವಿಗೆಯ ಮೂಲ ಚೀನದ್ದು ಎಂಬುದು ಬೇರೆ ಮಾತು. 2002ರಲ್ಲಿ ಜಗತ್ತಿನಾದ್ಯಂತ ಥಾಯ್ ಉಪಾಹಾರಗೃಹಗಳನ್ನು ಹೆಚ್ಚಿಸುವ ಯೋಜನೆಯನ್ನೇ ಅಲ್ಲಿಯ ಸರಕಾರ ಹಾಕಿಕೊಂಡಿತು. ನಮ್ಮ ಉಡುಪಿ ಹೋಟೆಲುಗಳ ಬೆನ್ನಿಗೆ ಯಾವ ಸರಕಾರವಿತ್ತು? ಊರಲ್ಲಿ ಗೇಣಿ ಕಟ್ಟಲಾಗದ ಮನೆಗಳ ಮಕ್ಕಳು ಹಡಗು ಹತ್ತಿ ಬಂದು ಕಟ್ಟಿದ ಸಾಮ್ರಾಜ್ಯ ಅದು. ಇಂದು ಆ ಹೋಟೆಲುಗಳಲ್ಲಿ ಚೈನೀಸು, ಪಂಜಾಬಿ, ಪಾವ್‌ಭಾಜಿಗಳ ಪಟ್ಟಿ ಉದ್ದವಾಗುತ್ತಿದೆ. ನೀರ್‌ದೋಸೆ ಮತ್ತು ಪತ್ರೊಡೆಗಳನ್ನು ಹುಡುಕಬೇಕಾಗಿದೆ. ಮಾಲಕರ ಮಕ್ಕಳು ಗಣಕಯಂತ್ರದ ಕೆಲಸಕ್ಕೆ ಐರೋಳಿಗೆ ಹೋಗುತ್ತಾರೆ. ತಪ್ಪೇನೂ ಇಲ್ಲ. ಆದರೆ ಒಂದು ಜನಾಂಗವು ತನ್ನ ತಿಂಡಿಯನ್ನು ಮಾರುವ ಮುನ್ನ ಅದನ್ನು ಹೇಗೆ ಗೌರವದಿಂದ ಕಾಣುತ್ತದೆ, ಗಾಡಿಯ ಮುಂದೆ ನಿಂತ ಮುದುಕಿಯೊಬ್ಬಳು ಐವತ್ತು ವರ್ಷ ಒಂದೇ ಪದಾರ್ಥವನ್ನು ಮಾಡಿ ಹೇಗೆ ಹೆಸರು ಗಳಿಸುತ್ತಾಳೆ ಎಂಬುದನ್ನು ಆ ಮಕ್ಕಳು ಒಮ್ಮೆ ನೋಡಿ ಬರಲಿ. ಅಜ್ಜ ಮಾಡಿದ್ದೇನೆಂಬುದು ಅಪ್ಪನ ಬಾಯಿಂದ ಕೇಳಿದಾಗ ಹತ್ತದ ತಲೆಗೆ ಅಲ್ಲಿ ಹತ್ತಬಹುದು.

ನಮ್ಮ ಸಂಘಗಳು ವಾರ್ಷಿಕ ವಿಹಾರವೆಂದು ಲೋಣಾವಳದ ರಿಸಾರ್ಟಿಗೆ ಬಸ್ಸು ಮಾಡಿಸುವುದನ್ನು ಒಂದು ವರ್ಷ ನಿಲ್ಲಿಸಲಿ. ಅದರ ಬದಲು ಎಂಟು ಹತ್ತು ಮಂದಿಯ ಒಂದು ತಂಡ ಮಾಡಲಿ. ಎರಡು ತಲೆಮಾರಿನವರು ಇರಲೇಬೇಕು. ಹೊರಡುವ ಮುನ್ನ ಎರಡು ಭಾನುವಾರ ಸಂಘದ ಕೋಣೆಯಲ್ಲಿ ಕೂಡಲಿ. ಒಂದು ಭಾನುವಾರ ಯಕ್ಷಗಾನದ ಹಿರಿಯರೊಬ್ಬರು ರಾಮಕಿಯನ್ ಕತೆಯನ್ನು ನಮ್ಮ ಪ್ರಸಂಗಗಳೊಂದಿಗೆ ಹೋಲಿಸಿ ಹೇಳಲಿ. ಇನ್ನೊಂದು ಭಾನುವಾರ ವಾಶಿಯ ಮಾರುಕಟ್ಟೆಯಿಂದ ತರಕಾರಿ ತಂದು, ಗವತಿ ಚಹದ ಕಟ್ಟು ಬಿಚ್ಚಿ, ಮೀನಿನ ರಸ ಬಿಟ್ಟು ತೊಮ್ ಯಮ್ ಸಾರು ಕುದಿಸಿ ನೋಡಲಿ. ರುಚಿಸದವರು ಅಂದೇ ಹೆಸರು ಹಿಂತೆಗೆದುಕೊಳ್ಳಬಹುದು. ಮುಂದಿನ ಏಪ್ರಿಲಿನಲ್ಲಿ ಹೊರಡುವವರಿಗೆ ಒಂದು ಸೂಚನೆ: 13ರಿಂದ 15ರವರೆಗೆ ಅಲ್ಲಿ 'ಸೊಂಗ್‌ಕ್ರಾನ್', ಅಂದರೆ ಸಂಕ್ರಾಂತಿ, ನಮ್ಮ ಬಿಸುವಿನ ಹೊತ್ತು. ಬೀದಿಯಲ್ಲಿ ಕಂಡಕಂಡವರ ಮೇಲೆ ನೀರೆರಚುತ್ತಾರೆ. ಪಾಸ್‌ಪೋರ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟುಕೊಳ್ಳಿ.